ಭತ್ತದ ಗೋದಾಮಿನ ಧೂಳಿಗೆ ಯಾವ ಮಾಸ್ಕ್?

ಮಾಸ್ಕ್ ಕೊಟ್ಟರೂ ರಾಯಚೂರಿನ ನಿಮ್ಮ ಭತ್ತದ ಗೋದಾಮಿನ ಹಮಾಲರಿಗೆ ಕೆಮ್ಮು ನಿಂತಿಲ್ಲ ಅಂದಿರಿ. ನೀವು ಕೊಟ್ಟಿರುವುದು ಆಸ್ಪತ್ರೆಯ ನೀಲಿ ಮಾಸ್ಕ್ ಅಲ್ವಾ, ಬಹುಶಃ ಅದೇ ಕಾರಣ. ಕೆನ್ನೆ ಪಕ್ಕದ ಸಂದಿಯಿಂದ ಧೂಳು ಸಲೀಸಾಗಿ ಒಳಗೆ ಹೋಗುತ್ತದೆ.

ಐಎಸ್ 9473 (ಇಂಥ ಮಾಸ್ಕ್‌ಗಳ ಭಾರತೀಯ ಮಾನದಂಡ) ಅಂತ ಅಚ್ಚಾಗಿರುವ ಎಫ್‌ಎಫ್‌ಪಿ2 ತನ್ನಿ, ಅದು ಸಣ್ಣ ಧೂಳನ್ನೂ ಸೋಸುವ ಮಾಸ್ಕ್. ಕಿವಿಗೆ ಸಿಕ್ಕಿಸುವುದು ಬೇಡ, ತಲೆ ಹಿಂದೆ ಎರಡು ಪಟ್ಟಿ ಬರುವುದನ್ನೇ ನೋಡಿ. ಮೂಗಿನ ತಂತಿ ಒತ್ತಿಸಿ. ಗಡ್ಡ ಇದ್ದವರಿಗೆ ಸರಿಯಾಗಿ ಕೂರುವುದಿಲ್ಲ. ನಮ್ಮ ಬಿಸಿಲಿಗೆ ಉಸಿರು ಬಿಡುವ ವಾಲ್ವ್ ಇರುವುದೇ ವಾಸಿ, ಇಲ್ಲಾಂದ್ರೆ ನಾಲ್ಕು ಮೂಟೆ ಹೊರುವಷ್ಟರಲ್ಲಿ ಗದ್ದಕ್ಕೆ ಇಳಿಸಿಕೊಳ್ಳುತ್ತಾರೆ. ಬೆವರಿಗೆ ಒದ್ದೆಯಾದರೆ ಬದಲಿಸಿ.

ಹುಳಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಟ್ಟಿದ್ದರೆ ಮಾತ್ರ ಹುಷಾರು, ಅದರಿಂದ ಬರುವ ವಿಷದ ಗ್ಯಾಸನ್ನು ಈ ಮಾಸ್ಕ್ ತಡೆಯುವುದಿಲ್ಲ. ಗಾಳಿ ಆಡಿಸಿ, ಗುಳಿಗೆ ಇಟ್ಟವರು ಬಂದು ನೋಡಿ ಹೇಳುವವರೆಗೆ ಯಾರನ್ನೂ ಒಳಗೆ ಬಿಡಬೇಡಿ.

ಎಲ್ಲರ ಕೆಮ್ಮೂ ಧೂಳಿನದ್ದೇ ಅಂತ ಹೇಳೋಕಾಗಲ್ಲ. 2 ವಾರ ದಾಟಿದ್ದರೆ ಟಿಬಿ ಇದೆಯಾ ಅಂತ ತಿಳಿಯಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ದುಡ್ಡು ಕೊಡಬೇಕಿಲ್ಲ.