ಹೆಚ್ಚುವರಿ ಕಟ್ಟಿದರೂ ಗೃಹಸಾಲದ ವರ್ಷ ಇಳಿಯದಿದ್ದರೆ

ತಿಂಗಳಿಗೆ 5,000 ಉಳಿಸಿ ಗೃಹಸಾಲಕ್ಕೆ ಹೆಚ್ಚುವರಿ ಕಟ್ಟುತ್ತಿದ್ದರೂ ಇಎಂಐ (ತಿಂಗಳ ಕಂತು) ಮಾತ್ರ ಇಳಿದಿದೆ, ವರ್ಷ ಹಾಗೇ ಇದೆ ಅಂದಿದ್ದೀರಿ. ಬಹುಶಃ ಬ್ಯಾಂಕಿನವರು ಅವಧಿ ಮುಟ್ಟದೆ ಕಂತನ್ನಷ್ಟೇ ಇಳಿಸಿದ್ದಾರೆ. ನನಗೂ ಹೀಗೇ ಆಗಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊದಲು ಸಾಲದ ಸ್ಟೇಟ್‌ಮೆಂಟ್ ತೆಗೆದು, ಹೆಚ್ಚುವರಿ ಕಟ್ಟಿದ ದಿನ ಅಸಲು ಅಷ್ಟೇ ಇಳಿದಿದೆಯಾ ನೋಡಿ. ಇಲ್ಲವಾದರೆ ಅದು ಮುಂಗಡ ಕಂತಾಗಿ ಕೂತಿರಬಹುದು. ಆಮೇಲೆ ಶಾಖೆಗೆ ಬರೆದು ಕೊಡಿ: 'ಈ ಹಣ ಅಸಲಿಗೆ ಜಮಾ ಆಗಲಿ, ಇಎಂಐ ಹಳೆಯದೇ ಇರಲಿ, ಅವಧಿ ಇಳಿಸಿ.' ಹೊಸ ಕಂತಿನ ಪಟ್ಟಿ ಕೈಗೆ ಬರುವವರೆಗೂ ಬಿಡಬೇಡಿ. ಫ್ಲೋಟಿಂಗ್ ದರವಾದರೆ, ಅಂದರೆ ಬಡ್ಡಿ ಆಗಾಗ ಬದಲಾಗುವಂಥದ್ದಾದರೆ, ಹೀಗೆ ಹೆಚ್ಚುವರಿ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ. ಫಿಕ್ಸೆಡ್ (ಬದಲಾಗದ ದರ) ಆದರೆ ಇರಬಹುದು, ಕರಾರುಪತ್ರ ನೋಡಿ.

5,000 ಸಣ್ಣದಲ್ಲ. 30 ಲಕ್ಷಕ್ಕೆ 8.5%ರಂತೆ 20 ವರ್ಷ ಅಂದರೆ ಇಎಂಐ ಸುಮಾರು 26,000. ಮೊದಲ ತಿಂಗಳು ಅದರಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 5,000ಕ್ಕೂ ಕಡಿಮೆ.

ಈ ಹಣ ಉಳಿಸಲು ಮಕ್ಕಳ ಹಾಲು ಕಡಿಮೆ ಮಾಡಿದ್ದೀರಂತೆ, ಅದು ಬೇಡ. ನಮ್ಮನೆಯಲ್ಲಿ ಸೋರುತ್ತಿದ್ದದ್ದು ಹತ್ತು ನಿಮಿಷದ ಆಪ್ ಆರ್ಡರು: ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಹೋಗಿ 300 ರೂಪಾಯಿ ಬಿಲ್ಲು. ತಿಂಗಳ ದಿನಸಿ ಚೀಟಿಗೆ ಮರಳಿದ ಮೇಲೆ ನಿಂತಿತು. ಉಳಿದದ್ದನ್ನು ತಿಂಗಳ ಕೊನೆಗಲ್ಲ, ಸಂಬಳ ಬಂದ ದಿನವೇ ಸಾಲದ ಖಾತೆಗೆ ಹಾಕಿ.