ಪಾದ ಎಳೀತಿದೆ ಅಂತ ಸೊಂಟ ನೀವಿಸುವ ಮೊದಲು ನಡಿಗೆ ನೋಡಿ

ಅಣ್ಣ, ನಿಮ್ಮ ಅಪ್ಪನ ವಿಷಯ ಓದಿದೆ. ಹದಿನೈದು ದಿನ ಅಡಿಕೆ ಸುಲಿದ ಮೇಲೆ ಬಲಪಾದ ಎಳೆಯುತ್ತಿದೆ, ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುತ್ತಿಲ್ಲ, ಸೊಂಟದ ನರ ಹಿಡಿದಿದೆ ಅಂತ ಯಾರೋ ಹೇಳಿದ್ದಾರೆ, ಎಣ್ಣೆ ಹಚ್ಚಿಸಿ ನೀವಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ನಾನು ತೀರ್ಥಹಳ್ಳಿ ಕಡೆ ಫಿಸಿಯೋಥೆರಪಿ ಮಾಡುವವನು. ಮನೆಯಲ್ಲಿ ಸ್ವಲ್ಪ ತೋಟವೂ ಇದೆ, ಹಾಗಾಗಿ ಸುಲಿತಕ್ಕೆ ಕೂರುವುದು ಅಂದರೆ ಏನು ಅಂತ ಗೊತ್ತು.

ಮೊದಲು ಅವರನ್ನು ಅಂಗಳದಲ್ಲಿ ಬರಿಗಾಲಲ್ಲಿ ನಡೆಸಿ. ಹಿಂದೆ ನಿಂತು ನೋಡಿ, ಆಮೇಲೆ ಕಣ್ಣು ಮುಚ್ಚಿ ಸದ್ದು ಕೇಳಿ. ಇಲ್ಲದ ಬಸಿಗಾಲುವೆ ದಾಟುವವರ ಹಾಗೆ ಮೊಣಕಾಲು ಮೇಲೆತ್ತಿ, ಪಾದ ಪಟ್ ಅಂತ ನೆಲಕ್ಕೆ ಬಿದ್ದರೆ ಪಾದ ಎತ್ತುವ ಸ್ನಾಯು ಸೋತಿದೆ ಅಂತ. ನೋವಿಗೆ ಕುಂಟುವುದು ಬೇರೆ, ಹಾಗೆ ಕುಂಟುವವರು ನೋಯುವ ಕಾಲ ಮೇಲೆ ನಿಲ್ಲುವುದೇ ಇಲ್ಲ, ತಟ್ಟನೆ ಇನ್ನೊಂದಕ್ಕೆ ಭಾರ ಹಾಕುತ್ತಾರೆ.

ಈಗ ಕೂರಿಸಿ, ಪಾದವನ್ನು ನಿಮ್ಮ ಕೈಯಿಂದ ಮೇಲೆ ಕೆಳಗೆ ಆಡಿಸಿ. ನಿಮ್ಮ ಕೈಗೆ ಸಲೀಸಾಗಿ ಬರುತ್ತದೆ, ಅವರಾಗಿ ಎತ್ತಲು ಆಗಲ್ಲ ಅಂದರೆ ತೊಂದರೆ ನರದ್ದೋ ಸ್ನಾಯುವಿನದ್ದೋ. ನಿಮ್ಮ ಕೈಗೂ ಬಗ್ಗದೆ ಒಂದು ಕಡೆ ಗಟ್ಟಿಯಾಗಿ ನಿಂತರೆ ಕೀಲನ್ನು ನೋಡಬೇಕು.

ಇನ್ನು ಮುಖ್ಯವಾದದ್ದು. ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ ಒಂದು ಗಟ್ಟಿ ಗಂಟು ಕೈಗೆ ಸಿಗುತ್ತದೆ. ಅದರ ಕೆಳಗೆ ಮೂಳೆಯನ್ನು ಬಳಸಿಕೊಂಡು, ಪಾದ ಎತ್ತುವ ಸ್ನಾಯುವನ್ನು ನಡೆಸುವ ಪೆರೋನಿಯಲ್ ನರ ಹೋಗುತ್ತದೆ. ಅಲ್ಲಿ ಮಾಂಸದ ರಕ್ಷಣೆ ತುಂಬಾ ಕಡಿಮೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲೋ ಕಾಲು ಮಡಚಿಯೋ ಕೂತರೆ ಅದು ಒತ್ತಿಹೋಗುತ್ತದೆ. ಹೊರದೇಶದಲ್ಲಿ ಇದನ್ನು ಸ್ಟ್ರಾಬೆರಿ ಕೀಳುವವರ ಹೆಸರಲ್ಲೇ ಕರೆಯುವುದುಂಟು. ಇಲ್ಲಿ ಇಟ್ಟಿದ್ದರೆ ಅಡಿಕೆ ಸುಲಿಯುವವರ ಹೆಸರೇ ಬರುತ್ತಿತ್ತು ಅಲ್ವಾ!

ಸೊಂಟದ ಐದನೇ ಮೂಳೆಯ ಹತ್ತಿರ ಹೊರಡುವ ಎಲ್5 ಅನ್ನುವ ನರದ ಬೇರು ಒತ್ತಿದರೂ ಪಾದ ಹೀಗೇ ಜೋಲುತ್ತದೆ, ಪಾದದ ಮೇಲ್ಭಾಗ ಎರಡರಲ್ಲೂ ಮರಗಟ್ಟಬಹುದು. ಹಾಗಾಗಿ ಅದೊಂದನ್ನೇ ನಂಬಬೇಡಿ. ಪಾದವನ್ನು ನೀವೇ ಎತ್ತಿ ಹಿಡಿದು, ಒಳಗಡೆಗೆ ನಿಮ್ಮ ಕೈಯನ್ನು ಒತ್ತಲು ಹೇಳಿ. ಬಲವಾಗಿ ಒತ್ತಿದರೆ ಮೊಣಕಾಲ ಹತ್ತಿರದ ನರದ ಮೇಲೆ ಅನುಮಾನ ಜಾಸ್ತಿ. ಅದೂ ಸೋತಿದ್ದು, ಮಗ್ಗುಲಾಗಿ ಮಲಗಿ ಕಾಲು ಮೇಲೆತ್ತಲೂ ಕಷ್ಟವಾದರೆ ಸೊಂಟವನ್ನು ನೋಡಬೇಕು. ಅಂಗಾತ ಮಲಗಿಸಿ ನೆಟ್ಟಗಿನ ಕಾಲನ್ನು ಎತ್ತಿದಾಗ 30ರಿಂದ 70 ಡಿಗ್ರಿ ಒಳಗೆ ಮೊಣಕಾಲಿನಿಂದ ಕೆಳಕ್ಕೆ ನೋವು ಹೊಡೆದರೂ ಅಷ್ಟೇ. ಬರೀ ತೊಡೆ ಹಿಂದೆ ಸೆಳೆದರೆ ಅದು ಲೆಕ್ಕಕ್ಕಿಲ್ಲ.

ನಾನೇ ಒಮ್ಮೆ ಎಡವಿದ್ದೇನೆ. ಪಾದ ಹೀಗೇ ಜೋಲುತ್ತಿದ್ದ ಪಕ್ಕದ ಮನೆಯವರಿಗೆ ಮೂರು ವಾರ ಸೊಂಟಕ್ಕೇ ಚಿಕಿತ್ಸೆ ಮಾಡಿದೆ, ಅವರಿಗೆ ಸೊಂಟ ನೋವೇ ಇರಲಿಲ್ಲ, ನಾನು ಕೇಳಿರಲೂ ಇಲ್ಲ. ಒಂದು ಸಂಜೆ ಅವರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿದ್ದನ್ನು ಕಂಡು ಆ ಗಂಟಿನ ಕೆಳಗೆ ಬೆರಳಿಂದ ಮೆಲ್ಲಗೆ ತಟ್ಟಿದೆ. ಕರೆಂಟ್ ಹೊಡೆದ ಹಾಗೆ ಕಾಲೆಳೆದುಕೊಂಡರು!

ಅಪ್ಪನಿಗೆ ಆ ಗಂಟಿನ ಹತ್ತಿರ ತಿಕ್ಕಿಸಬೇಡಿ, ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಸುಲಿಯಲೇಬೇಕು ಅಂದರೆ ಸ್ಟೂಲ್ ಮೇಲೆ ಕೂರಲಿ. ಹಾಗಂತ ಮನೆಯಲ್ಲೇ ಪರೀಕ್ಷೆ ಮುಗಿಸಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ. ಚರ್ಮದ ಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದ್ದರೆ ಅದನ್ನೂ ತೋರಿಸಿ, ಕುಷ್ಠದಲ್ಲೂ ಇದೇ ನರ ದಪ್ಪಗಾಗುತ್ತದೆ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ ರಾತ್ರಿಯಾದರೂ ಸರಿ, ಗಾಡಿ ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಡಿ.

ಒಳಗಡೆಗೆ ಒತ್ತಿಸಿದಾಗ ಏನಾಯಿತು ಅಂತ ಇಲ್ಲೇ ಬರೆಯಿರಿ. ನಡಿಗೆಯ ವಿಡಿಯೋ ಹಾಕುವುದಾದರೆ ಹಿಂದಿನಿಂದ ತೆಗೆಯಿರಿ, ಪಂಚೆ ಮೊಣಕಾಲಿನ ಮೇಲಕ್ಕೆ ಕಟ್ಟಿರಲಿ.