ಸಡಿಲ ಸ್ಕ್ರೂ ಬ್ರೇಕರ್ ಕಣ್ಣಿಗೆ ಬೀಳುವುದಿಲ್ಲ

ಪ್ರಶ್ನೆ: ವಿಮಾನದಲ್ಲಿ ಎಲ್ಲದಕ್ಕೂ ಸರ್ಕ್ಯೂಟ್ ಬ್ರೇಕರ್ ಇದೆಯಲ್ಲ. ಕಾಕ್‌ಪಿಟ್‌ನಲ್ಲಿ ವೈರ್ ಹಿಡಿದಿರುವ ಒಂದು ಸ್ಕ್ರೂ ಸಡಿಲವಾದರೆ ಇಷ್ಟು ಹೆದರಬೇಕಾ?

ಹೆದರಬೇಕು. ವಿಮಾನ ರಿಪೇರಿ ಕಲಿಯುತ್ತಿರುವ ಹುಡುಗರೇ ಇದನ್ನು ಮತ್ತೆ ಮತ್ತೆ ಕೇಳುತ್ತಾರೆ, ಅದಕ್ಕೇ ನನಗೆ ಸಿಟ್ಟು. ಬ್ರೇಕರ್ ನೋಡುವುದು ಕರೆಂಟ್ ಜಾಸ್ತಿ ಆಯಿತಾ ಅಂತ ಮಾತ್ರ. ಸ್ಕ್ರೂ ಸಡಿಲವಾದಾಗ ಕರೆಂಟ್ ಏರುವುದಿಲ್ಲ, ಸ್ವಲ್ಪ ಇಳಿಯುತ್ತದೆ. ಏರುವುದು ಆ ಜಾಗದ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಆಗುವ ಅಡ್ಡಿ. ಲೆಕ್ಕ ಹಾಕಿ: 20 ಆಂಪಿಯರ್ ಹರಿಯುವ ಕಡೆ 0.1 ಓಮ್ ರೆಸಿಸ್ಟೆನ್ಸ್ ಸೇರಿದರೆ 20 × 20 × 0.1, ಅಂದರೆ 40 ವಾಟ್ ಶಾಖ. ನಿಮ್ಮ ಮೇಜಿನ ಮೇಲಿರುವ 25 ವಾಟ್ ಸಾಲ್ಡರಿಂಗ್ ಐರನ್‌ಗಿಂತ ಹೆಚ್ಚು. ಅದೂ ಸ್ಕ್ರೂ ತಲೆಯಷ್ಟು ಜಾಗದಲ್ಲಿ! ಮನೆಯ ಗೀಸರ್ ಪ್ಲಗ್ಗಿನ ಪಿನ್ ಕಪ್ಪಾಗಿ ಸುಟ್ಟ ವಾಸನೆ ಬಂದರೂ ಎಂಸಿಬಿ ಬಿದ್ದಿರುವುದಿಲ್ಲ, ಅಲ್ವಾ?

2010ರ ಮೇ 16ರಂದು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಯುನೈಟೆಡ್‌ನ ಬೋಯಿಂಗ್ 757ರಲ್ಲಿ ಆಗಿದ್ದು ಇದೇ. ಮುಂದಿನ ಗಾಜನ್ನು ಬೆಚ್ಚಗಿಡುವ ಹೀಟರಿನ ಟರ್ಮಿನಲ್‌ನಲ್ಲಿ, ಅಂದರೆ ವೈರನ್ನು ಸ್ಕ್ರೂನಿಂದ ಬಿಗಿದ ಜಾಗದಲ್ಲಿ, ಬೆಂಕಿ ಕಾಣಿಸಿಕೊಂಡಿತು. ಕ್ಯಾಪ್ಟನ್ ಬೆಂಕಿ ಆರಿಸುವ ಒಂದು ಸಿಲಿಂಡರ್ ಪೂರ್ತಿ ಸಿಂಪಡಿಸಿದರೂ ಆರಲಿಲ್ಲ, ಎರಡನೆಯದು ಬೇಕಾಯಿತು. ಗಾಜಿನ ಒಳಪದರ ಬಿರುಕು ಬಿಟ್ಟಿತು. ವಿಮಾನ ವಾಷಿಂಗ್ಟನ್‌ನ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಇಂಥ ಸ್ಕ್ರೂ ಟರ್ಮಿನಲ್‌ನ ಗಾಜುಗಳನ್ನು ಬದಲಿಸಿ ಎಂದು ಅಮೆರಿಕದ ಅಪಘಾತ ತನಿಖಾ ಮಂಡಳಿ 2007ರಲ್ಲೇ ಹೇಳಿತ್ತು. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕಡ್ಡಾಯ ತಪಾಸಣೆಯ ಆದೇಶ ಹೊರಡಿಸಿದ್ದು 2010ರ ಜುಲೈನಲ್ಲಿ. ಆ ಮೂರು ವರ್ಷ ನನಗೆ ಇವತ್ತಿಗೂ ಅರಗಿಲ್ಲ.

ಇನ್ನು "ಟಾರ್ಕ್ ವ್ರೆಂಚ್ ಕ್ಲಿಕ್ ಅಂದರೆ ಮುಗೀತು" ಎನ್ನುವವರು. ಹೇಳಿದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುವ ಸ್ಪ್ಯಾನರ್ ಅದು. ಮುಗಿಯಲಿಲ್ಲ. ಸ್ಕ್ರೂ ಓರೆಯಾಗಿ ಕೂತು ಥ್ರೆಡ್ಡಿಗೆ ಅಡ್ಡ ಹತ್ತಿದ್ದರೂ ವ್ರೆಂಚ್ ಕ್ಲಿಕ್ ಅನ್ನುತ್ತದೆ. ಕೆಳಗಿನ ಲಗ್, ಅಂದರೆ ವೈರಿನ ತುದಿಯ ಲೋಹದ ಬಳೆ, ಮಾತ್ರ ಅಲ್ಲಾಡುತ್ತಲೇ ಇರುತ್ತದೆ. ಸ್ಕ್ರೂ ತಿರುಗಿದರೆ ಗೊತ್ತಾಗಲಿ ಅಂತ ಮೇಲೆ ಎಳೆದ ಬಣ್ಣದ ಗೆರೆಯೂ ಮುರಿಯದೆ ಚೆನ್ನಾಗೇ ಕಾಣುತ್ತದೆ. ಹಾಗಾಗಿ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ, ಬಿಚ್ಚಿ ನೋಡಿ. ಕೊನೆಗೆ ಪವರ್ ತೆಗೆದಿದ್ದೀರಾ ಅಂತ ಖಾತ್ರಿ ಮಾಡಿಕೊಂಡು ಲಗ್ಗನ್ನು ಬೆರಳಿನಿಂದ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ನಾನು ಸಹಿ ಹಾಕುವುದಿಲ್ಲ. ವಿಮಾನ ತಡವಾದರೆ ಆಗಲಿ.

ಪ್ರಶ್ನೆ: ಸಡಿಲ ಕನೆಕ್ಷನ್‌ಗೆ ಕಾಂಟ್ಯಾಕ್ಟ್ ಸ್ಪ್ರೇ ಹೊಡೆದರೆ ಸಾಕು ಅಂತ ವಿಡಿಯೊದಲ್ಲಿ ನೋಡಿದೆ.

ಸ್ಪ್ರೇ ಕೊಳೆ ತೆಗೆಯುತ್ತದೆ, ಸ್ಕ್ರೂ ಬಿಗಿ ಮಾಡುವುದಿಲ್ಲ. ಆ ವಿಡಿಯೊದವರನ್ನು ಹ್ಯಾಂಗರ್ ಬಾಗಿಲ ಹತ್ತಿರವೂ ಬಿಡಬಾರದು.

ಪ್ರಶ್ನೆ: ಹಾರಾಟದಲ್ಲಿ ಬಿದ್ದ ಬ್ರೇಕರನ್ನು ಮತ್ತೆ ಒತ್ತಿ ನೋಡಬಹುದಾ?

ಸುಮ್ನೆ ಒತ್ತಿ ನೋಡುವ ಮಾತೇ ಇಲ್ಲ. ಸುರಕ್ಷಿತವಾಗಿ ಇಳಿಯಲು ಅದು ಬೇಕೇ ಬೇಕು ಅಂತ ಕ್ಯಾಪ್ಟನ್ ತೀರ್ಮಾನಿಸಿದರೆ ಒಂದೇ ಸಲ. ಇಂಧನ ಪಂಪಿನದಾದರೆ ಮುಟ್ಟಲೇಬೇಡಿ.

ಪ್ರಶ್ನೆ: ಪ್ರಯಾಣಿಕರ ಮೊಬೈಲ್‌ನಿಂದ ಕಾಕ್‌ಪಿಟ್ ವೈರಿಗೆ ಬೆಂಕಿ ಹತ್ತುತ್ತದಾ?

ಇಲ್ಲ.